ಹೊಸ ಕಣ ಸಿಕ್ಕಿತಂತೆ, ನಿಜವೇ?

ಪ್ರಶ್ನೆ: ಸರ್, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕೆಲವು ವರ್ಷಕ್ಕೊಮ್ಮೆ ‘ಹೊಸ ಕಣ ಸಿಕ್ಕಿತಂತೆ, ಭೌತವಿಜ್ಞಾನವೇ ಬದಲಾಗುತ್ತಂತೆ’ ಎಂಬ ಸುದ್ದಿ ಹಬ್ಬುತ್ತದೆ. ಎಲ್ಲರೂ ಸಂಭ್ರಮಪಡುತ್ತಾರೆ. ಕೆಲವರು ‘ವಿಜ್ಞಾನಿಗಳು ಏನನ್ನೋ ಮುಚ್ಚಿಡುತ್ತಿದ್ದಾರೆ’ ಅನ್ನುತ್ತಾರೆ. ಕೆಲವು ತಿಂಗಳು ಕಳೆದರೆ ಅಲ್ಲಿ ಏನೂ ಇರಲಿಲ್ಲ ಎಂಬ ಸುದ್ದಿ ಬರುತ್ತದೆ. ಬೆಳಕಿಗಿಂತ ವೇಗದ ನ್ಯೂಟ್ರಿನೊ ಎಂಬ ಅತಿ ಹಗುರ ಕಣದ ಬಗ್ಗೆ, ಆಮೇಲೆ 750 ಜಿಇವಿ (ಕಣಗಳ ದ್ರವ್ಯರಾಶಿ, ಶಕ್ತಿ ಅಳೆಯುವ ಮಾನ) ಕಣದ ಬಗ್ಗೆ ಮಕ್ಕಳಿಗೆ ಉತ್ಸಾಹದಿಂದ ಹೇಳಿದ್ದೆ. ಎರಡೂ ಸುಳ್ಳಾದವು. ಇಂಥ ಗಾಳಿಸುದ್ದಿಯನ್ನು ನಂಬಬಹುದೇ? ವಿಜ್ಞಾನಿಗಳು ಯಾಕೆ ಬೇಗ ಬಾಯಿ ಬಿಡುವುದಿಲ್ಲ? ಮುಂದಿನ ಸಲ ಮಕ್ಕಳಿಗೆ ಏನು ಹೇಳಲಿ?

ಉತ್ತರ: ಮೇಷ್ಟ್ರೇ, ನೀವು ಸಂಭ್ರಮಪಟ್ಟಿದ್ದರಲ್ಲಿ ಯಾವ ತಪ್ಪೂ ಇಲ್ಲ. ಆ ಎರಡೂ ಸಲ ನಮ್ಮ ಕ್ಷೇತ್ರದವರೂ ಅಷ್ಟೇ ಸಂಭ್ರಮಪಟ್ಟಿದ್ದರು. ಸಾವಿರಾರು ಜನ ತಮಗೆ ನೇರ ಸಂಬಂಧವೇ ಇಲ್ಲದ ಒಂದು ಕಣಕ್ಕಾಗಿ ಕಾತರದಿಂದ ಕಾಯುತ್ತಾರೆ ಎಂದರೆ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಆ ಕಾತರವನ್ನು ಗದರಿಸಿ ಸುಮ್ಮನಾಗಿಸುವುದು ನನಗೆ ಇಷ್ಟವಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಸ್ವಲ್ಪ ಆಶ್ಚರ್ಯ ತರಬಹುದು. ಕಣ ಭೌತವಿಜ್ಞಾನದ ಗಾಳಿಸುದ್ದಿಗಳಲ್ಲಿ ಬರುವ ಅಂಕಿಗಳು ಎಷ್ಟೋ ಸಲ ಸರಿಯಾಗಿಯೇ ಇರುತ್ತವೆ. ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್, ಸಿಎಂಎಸ್ ಪ್ರಯೋಗಗಳಲ್ಲಿ ತಲಾ ಸುಮಾರು ಮೂರು ಸಾವಿರ ವಿಜ್ಞಾನಿಗಳಿದ್ದಾರೆ. ಅಷ್ಟು ಜನರಿಗೆ ಗೊತ್ತಿರುವ ವಿಷಯ ಹೊರಗೆ ಬಾರದೆ ಇರುತ್ತದೆಯೇ? 2011ರ ಡಿಸೆಂಬರ್ 13ರಂದು, ಆಗಿನ್ನೂ ಹುಡುಕುತ್ತಿದ್ದ ಹಿಗ್ಸ್ ಎಂಬ ಕಣದ ಬಗ್ಗೆ ಸರ್ನ್‌ನಲ್ಲಿ ಸಭೆ ನಡೆಯಿತು. 125 ಜಿಇವಿಯ ಹತ್ತಿರ ಏನೋ ಕಾಣುತ್ತಿದೆ ಎಂಬುದು ಅದಕ್ಕೂ ಮುಂಚೆಯೇ ಹೊರಗೆಲ್ಲ ಗೊತ್ತಾಗಿತ್ತು. 2015ರಲ್ಲಿ 750 ಎಂಬ ಸಂಖ್ಯೆಯೂ ಹಾಗೇ ಸೋರಿತ್ತು. ಎರಡು ಅಂಕಿಗಳೂ ಸರಿಯಾಗಿದ್ದವು. ಮೊದಲನೆಯದು ನಿಜವಾದ ಕಣವಾಯಿತು, ಎರಡನೆಯದು ಮಾಯವಾಯಿತು.

ಅಂದರೆ ಸುದ್ದಿ ಹಬ್ಬುವ ಹೊತ್ತಿಗೆ ಅಂಕಿ ಇರುತ್ತದೆ, ಅದರ ಅರ್ಥ ಇನ್ನೂ ಹುಟ್ಟಿರುವುದಿಲ್ಲ. ಆ ಅಂಕಿಯ ಅರ್ಥ ಏನು ಎಂದು ಒಳಗಿನವರಿಗೂ ಗೊತ್ತಿರುವುದಿಲ್ಲ. ಹೊರಗೆ ಬಂದ ಮೇಲೆ ನಾವೇ ಅದಕ್ಕೊಂದು ಅರ್ಥ ಹಚ್ಚುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದ.

750ರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಸರ್ನ್‌ನ ದೊಡ್ಡ ಯಂತ್ರ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಕೆಲವೊಮ್ಮೆ ಎರಡು ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಹೊರಬರುತ್ತವೆ. ಆ ಎರಡರ ಶಕ್ತಿ, ದಿಕ್ಕು ಅಳೆದು, ಅವು ಒಂದೇ ಕಣ ಒಡೆದು ಬಂದವಾದರೆ ಆ ಕಣದ ದ್ರವ್ಯರಾಶಿ ಎಷ್ಟಿರಬೇಕು ಎಂದು ಲೆಕ್ಕ ಹಾಕುತ್ತಾರೆ. ಇಂಥ ಸಾವಿರಾರು ಜೋಡಿಗಳನ್ನು ಗ್ರಾಫ್‌ನಲ್ಲಿ ಹಾಕಿದರೆ ನಯವಾಗಿ ಇಳಿಯುವ ಗೆರೆ ಬರುತ್ತದೆ. ನಿಜವಾದ ಹೊಸ ಕಣ ಇದ್ದರೆ ಆ ಗೆರೆಯಲ್ಲಿ ಒಂದು ಕಡೆ ಉಬ್ಬು ಕಾಣುತ್ತದೆ. 2015ರ ಡಿಸೆಂಬರ್ 15ರಂದು ಎರಡೂ ಪ್ರಯೋಗಗಳು ತಮ್ಮ ಗ್ರಾಫ್ ತೋರಿಸಿದವು. ಎರಡರಲ್ಲೂ 750ರ ಆಸುಪಾಸಿನಲ್ಲೇ ಉಬ್ಬು! ಅಟ್ಲಾಸ್‌ನದು ಸುಮಾರು 3.6 ಸಿಗ್ಮಾ, ಸಿಎಂಎಸ್‌ನದು 2.6 ಸಿಗ್ಮಾ.

ಸಿಗ್ಮಾ ಎಂದರೆ ಏನು ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಅರ್ಧ ಗೊಂದಲ ಇದರಿಂದಲೇ ಹುಟ್ಟುತ್ತದೆ. ಹೊಸ ಕಣ ಇಲ್ಲವೇ ಇಲ್ಲ ಎಂದುಕೊಳ್ಳಿ. ಆಗಲೂ ಬರೀ ಅದೃಷ್ಟದಿಂದ ಇಷ್ಟು ದೊಡ್ಡ ಉಬ್ಬು ಕಾಣುವ ಸಾಧ್ಯತೆ ಎಷ್ಟು? 3 ಸಿಗ್ಮಾ ಆದರೆ ಸುಮಾರು 740ರಲ್ಲಿ 1. 5 ಸಿಗ್ಮಾ ಆದರೆ ಸುಮಾರು 35 ಲಕ್ಷದಲ್ಲಿ 1. ನಾವು ‘ಕಂಡುಹಿಡಿದೆವು’ ಎಂದು ಹೇಳಲು 5 ಸಿಗ್ಮಾ ಬೇಕು ಎಂಬುದು ನಮ್ಮ ರೂಢಿ. ಸುದ್ದಿಯಲ್ಲಿ ಇದು ತಲೆಕೆಳಗಾಗುತ್ತದೆ. ‘740ರಲ್ಲಿ 739 ಪಾಲು ಹೊಸ ಕಣ ಖಚಿತ’ ಎಂದು ಬರೆಯುತ್ತಾರೆ. ಅದು ಬೇರೆ ಮಾತು, ಇದು ಬೇರೆ ಮಾತು. ಉಬ್ಬು ಆಕಸ್ಮಿಕವಾಗಿ ಬರುವುದು ಅಪರೂಪ ಅಂದಮಾತ್ರಕ್ಕೆ ಕಣ ಇದೆ ಅಂತ ಆಗುವುದಿಲ್ಲ.

ಇನ್ನೊಂದು ವಿಷಯ. ಉಬ್ಬು 750ರಲ್ಲೇ ಬರಬೇಕು ಎಂದು ಮೊದಲೇ ಯಾರೂ ಹೇಳಿರಲಿಲ್ಲ. 600ರಲ್ಲಿ ಬಂದಿದ್ದರೂ, 900ರಲ್ಲಿ ಬಂದಿದ್ದರೂ ಇಷ್ಟೇ ಸದ್ದಾಗುತ್ತಿತ್ತು. ಎಷ್ಟೊಂದು ಜಾಗಗಳಲ್ಲಿ ಹುಡುಕಿದ್ದೇವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅಟ್ಲಾಸ್‌ನ 3.6 ಇಳಿದು 2ರ ಹತ್ತಿರ ಬರುತ್ತದೆ. ಸಿಎಂಎಸ್‌ನದು 1.2ಕ್ಕಿಂತ ಕೆಳಗೆ. ಈ ಇಳಿದ ಅಂಕಿಗಳನ್ನೂ ಅದೇ ದಿನ, ಅದೇ ಸಭೆಯಲ್ಲಿ ಎರಡೂ ತಂಡದವರು ಹೇಳಿದ್ದರು. ಸುದ್ದಿಯಲ್ಲಿ ಉಳಿದದ್ದು ಮಾತ್ರ 3.6. ಅಟ್ಲಾಸ್, ಸಿಎಂಎಸ್ ಇಲ್ಲಿಯವರೆಗೆ ತಲಾ ಸಾವಿರಕ್ಕೂ ಹೆಚ್ಚು ಪ್ರಬಂಧ ಪ್ರಕಟಿಸಿವೆ. ಒಂದೊಂದರಲ್ಲಿ ಎಷ್ಟೋ ಗ್ರಾಫ್‌ಗಳು. ಅಷ್ಟರಲ್ಲಿ ಎಲ್ಲೂ 3 ಸಿಗ್ಮಾ ಉಬ್ಬು ಕಾಣದೆ ಹೋದರೆ ನಾನು ಅದನ್ನೇ ಅನುಮಾನದಿಂದ ನೋಡುತ್ತೇನೆ.

ಸಿದ್ಧಾಂತಿಗಳು ಈ ಉಬ್ಬಿನ ಮೇಲೆ ಮುಂದಿನ ಕೆಲವೇ ತಿಂಗಳಲ್ಲಿ ಸುಮಾರು 500 ಪ್ರಬಂಧ ಬರೆದರು. 2016ರಲ್ಲಿ ಯಂತ್ರ ನಾಲ್ಕು ಪಟ್ಟು ಡೇಟಾ ಕೊಟ್ಟಿತು. ಆಗಸ್ಟ್‌ನಲ್ಲಿ ಶಿಕಾಗೊ ಸಮ್ಮೇಳನದಲ್ಲಿ ಹೊಸ ಗ್ರಾಫ್ ತೋರಿಸಿದಾಗ ಉಬ್ಬು ಇರಲಿಲ್ಲ. ಅದು ಇಲ್ಲವಾಗುತ್ತಿದೆ ಎಂಬ ಸುದ್ದಿಯೂ ಮುಂಚೆಯೇ ಸೋರಿತ್ತು, ಆ ಸುದ್ದಿಯೂ ನಿಜವಾಗಿತ್ತು. ಅದಕ್ಕೆ ಮಾತ್ರ ಯಾರೂ ಕುಣಿಯಲಿಲ್ಲ. ಇದನ್ನು ‘ಸುಳ್ಳು’ ಅನ್ನಲು ನನಗೆ ಮನಸ್ಸಿಲ್ಲ. ಗ್ರಾಫ್ ಸುಳ್ಳಾಗಿರಲಿಲ್ಲ. ಅಳತೆಯಲ್ಲೂ ದೋಷ ಇರಲಿಲ್ಲ. ಬರೀ ಆಕಸ್ಮಿಕ, ಅಷ್ಟೇ.

ನೀವು ಹೇಳಿದ ನ್ಯೂಟ್ರಿನೊ ಕಥೆ ಇದಕ್ಕಿಂತ ಬೇರೆ, ಅದನ್ನು ಇದರ ಜೊತೆ ಒಂದೇ ಸಾಲಿನಲ್ಲಿ ಇಡಬೇಡಿ. ಸರ್ನ್‌ನಿಂದ ಹೊರಟ ನ್ಯೂಟ್ರಿನೊಗಳು ನೆಲದೊಳಗೇ ಸುಮಾರು 730 ಕಿಲೋಮೀಟರ್ ಸಾಗಿ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯ ತಲುಪುತ್ತಿದ್ದವು. ಬೆಳಕಿಗೆ ಅಷ್ಟು ದೂರ ಹೋಗಲು 2.4 ಮಿಲಿಸೆಕೆಂಡ್ ಬೇಕು. ನ್ಯೂಟ್ರಿನೊಗಳು ಅದಕ್ಕಿಂತ ಸುಮಾರು 60 ನ್ಯಾನೊಸೆಕೆಂಡ್ ಮುಂಚೆ ಬರುತ್ತಿವೆ ಎಂದು ಅಲ್ಲಿ ಅವನ್ನು ಅಳೆಯುತ್ತಿದ್ದ ಒಪೆರಾ ತಂಡ 2011ರ ಸೆಪ್ಟೆಂಬರ್ 23ರಂದು ಹೇಳಿತು. ಹಿಂದಿನ ದಿನವೇ ಸುದ್ದಿ ಎಲ್ಲೆಡೆ ಹಬ್ಬಿತ್ತು. ಐನ್‌ಸ್ಟೈನ್ ಸೋತರು ಎಂಬ ತಲೆಬರಹಗಳು, ಕಾಲದಲ್ಲಿ ಹಿಂದಕ್ಕೆ ಹೋಗುವ ಮಾತುಗಳು.

ಇಲ್ಲಿ ಸಿಗ್ಮಾ ಎಷ್ಟಿತ್ತು ಗೊತ್ತೇ? 6. ಅಂದರೆ ಹಿಗ್ಸ್ ಘೋಷಣೆಗೆ ಸಾಕಾದ 5ಕ್ಕಿಂತಲೂ ಜಾಸ್ತಿ. ಆದರೂ ತಪ್ಪಾಯಿತು. ಜಿಪಿಎಸ್ ಸಮಯವನ್ನು ಗಡಿಯಾರಕ್ಕೆ ತಲುಪಿಸುವ ಆಪ್ಟಿಕಲ್ ಫೈಬರ್ ಕೇಬಲ್ ಒಂದು ಸರಿಯಾಗಿ ಕೂತಿರಲಿಲ್ಲ. ಅದರಿಂದ 70ಕ್ಕೂ ಹೆಚ್ಚು ನ್ಯಾನೊಸೆಕೆಂಡ್ ವ್ಯತ್ಯಾಸ ಬರುತ್ತಿತ್ತು. ಗಡಿಯಾರದ ವೇಗದಲ್ಲೇ ಇನ್ನೊಂದು ಸಣ್ಣ ದೋಷ ಇದ್ದು, ಅದು ವಿರುದ್ಧ ದಿಕ್ಕಿನಲ್ಲಿ ಸ್ವಲ್ಪ ಕಳೆಯುತ್ತಿತ್ತು. 2012ರ ಫೆಬ್ರವರಿಯಲ್ಲಿ ಇದು ಹೊರಬಂತು. ಅದೇ ಪ್ರಯೋಗಾಲಯದ ಇಕಾರಸ್ ಎಂಬ ಇನ್ನೊಂದು ಪ್ರಯೋಗ ನ್ಯೂಟ್ರಿನೊಗಳು ಬೆಳಕಿನ ವೇಗ ಮೀರುತ್ತಿಲ್ಲ ಎಂದು ತೋರಿಸಿತು.

ಸಿಗ್ಮಾ ಅಳೆಯುವುದು ಮುಖ್ಯವಾಗಿ ಅದೃಷ್ಟದ ಆಟವನ್ನು. ನಮಗೆ ಗೊತ್ತಿರುವ ದೋಷಗಳನ್ನು ಅದರೊಳಗೆ ಸೇರಿಸಬಹುದು. ಗೊತ್ತೇ ಇಲ್ಲದ ಸಡಿಲ ಕೇಬಲ್ಲನ್ನು ಸೇರಿಸುವುದು ಹೇಗೆ? ಹಾಗಾಗಿ ಯಾರಾದರೂ ‘6 ಸಿಗ್ಮಾ, ಇನ್ನೇನು ಬೇಕು’ ಅಂದರೆ ‘ಬೇರೆ ಯಂತ್ರದಲ್ಲಿ, ಬೇರೆ ತಂಡ ನೋಡಿದೆಯಾ’ ಎಂದು ಕೇಳಬೇಕು. ಹಳೆಯ ಡೇಟಾ ಏನು ಹೇಳುತ್ತದೆ ಎಂದೂ ಕೇಳಬೇಕು. 1987ರ ಫೆಬ್ರವರಿಯಲ್ಲಿ ಸುಮಾರು 1,68,000 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರ ಸ್ಫೋಟಗೊಂಡಿದ್ದು ಕಾಣಿಸಿತು. ಅದರ ನ್ಯೂಟ್ರಿನೊಗಳು ಬೆಳಕಿಗಿಂತ ಕೆಲವೇ ಗಂಟೆ ಮುಂಚೆ ಭೂಮಿಗೆ ಬಂದವು. ನ್ಯೂಟ್ರಿನೊಗಳು ನಕ್ಷತ್ರದ ಒಡಲಿನಿಂದ ತಕ್ಷಣ ಹೊರಬರುತ್ತವೆ, ಬೆಳಕು ಹೊರಬರಲು ಸ್ಫೋಟದ ಅಲೆ ಹೊರಮೈ ಮುಟ್ಟಬೇಕು. ಆ ಗಂಟೆಗಳ ಅಂತರಕ್ಕೆ ಕಾರಣ ಅಷ್ಟೇ. ಒಪೆರಾ ಹೇಳಿದ ವೇಗ ಎಲ್ಲ ನ್ಯೂಟ್ರಿನೊಗಳಿಗೂ ನಿಜವಾಗಿದ್ದರೆ ಅವು ನಾಲ್ಕು ವರ್ಷ ಮುಂಚೆ ಬರಬೇಕಿತ್ತು! ಒಪೆರಾದ ನ್ಯೂಟ್ರಿನೊಗಳ ಶಕ್ತಿ ಬಹಳ ಹೆಚ್ಚು, ಆದ್ದರಿಂದ ಈ ಹೋಲಿಕೆಯೊಂದರಿಂದಲೇ ತೀರ್ಪು ಕೊಡಲು ಆಗುತ್ತಿರಲಿಲ್ಲ. ಆದರೆ ಅನುಮಾನ ಪಡಲು ಇಷ್ಟು ಸಾಕಿತ್ತು. ಈ ಲೆಕ್ಕಕ್ಕೆ ಹೈಸ್ಕೂಲಿನ ಭಾಗಾಕಾರ ಗುಣಾಕಾರ ಸಾಕು, ನಿಮ್ಮ ಮಕ್ಕಳೇ ಮಾಡಬಹುದು.

ಒಪೆರಾ ತಂಡದ ಪರವಾಗಿ ಒಂದು ಮಾತು ಹೇಳಲೇಬೇಕು. ಅವರು ‘ಬೆಳಕನ್ನು ಮೀರಿದೆವು’ ಎಂದು ಬೀಗಲಿಲ್ಲ. ತಿಂಗಳುಗಟ್ಟಲೆ ಹುಡುಕಿದರೂ ನಮ್ಮ ತಪ್ಪು ನಮಗೆ ಕಾಣುತ್ತಿಲ್ಲ, ನೀವೂ ನೋಡಿ ಎಂದು ಎಲ್ಲರ ಮುಂದೆ ಇಟ್ಟರು. ಫಲಿತಾಂಶಕ್ಕೆ ಸಿದ್ಧಾಂತದ ಅರ್ಥ ಕೊಡುವುದಿಲ್ಲ ಎಂದು ಪ್ರಬಂಧದಲ್ಲೇ ಬರೆದರು. ಹಾಗಿದ್ದರೂ 2012ರ ಮಾರ್ಚ್‌ನಲ್ಲಿ ತಂಡದ ಇಬ್ಬರು ಮುಖ್ಯಸ್ಥರು ಸ್ಥಾನ ಬಿಡಬೇಕಾಯಿತು. ನನಗೆ ಇದು ಇವತ್ತಿಗೂ ಬೇಸರದ ಸಂಗತಿ. ಬಿಚ್ಚಿ ಹೇಳಿದವರನ್ನು ನಗೆಪಾಟಲು ಮಾಡಿಬಿಟ್ಟರೆ, ಆಮೇಲೆ ‘ಯಾಕೆ ಮುಚ್ಚಿಡುತ್ತೀರಿ’ ಎಂದು ಕೇಳುವ ಹಕ್ಕು ನಮಗೆ ಎಷ್ಟು ಉಳಿಯುತ್ತದೆ?

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ವಿಜ್ಞಾನಿಗಳು ಸುಮ್ಮನಿರುವುದಕ್ಕೆ ಮರ್ಯಾದೆಯ ಭಯವೂ ಒಂದು ಕಾರಣ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ, ಅದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಎಲ್ಲಿ ನೋಡಬೇಕು ಎಂದು ಮೊದಲೇ ಗೊತ್ತಾದರೆ ಮನುಷ್ಯನಿಗೆ ಅಲ್ಲೇ ಏನಾದರೂ ಕಾಣತೊಡಗುತ್ತದೆ.

2003ರಲ್ಲಿ ಜಪಾನಿನ ಸ್ಪ್ರಿಂಗ್-8 ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ತಂಡವೊಂದು ಐದು ಕ್ವಾರ್ಕ್‌ಗಳ (ಪ್ರೋಟಾನ್ ಒಳಗಿರುವಂಥ ಮೂಲಕಣಗಳ) ಕಣ, ಅಂದರೆ ಪೆಂಟಾಕ್ವಾರ್ಕ್, 1540 ಎಂಇವಿ (ಸಾವಿರ ಎಂಇವಿ ಸೇರಿದರೆ ಒಂದು ಜಿಇವಿ) ಹತ್ತಿರ ಕಾಣುತ್ತಿದೆ ಎಂದು ಹೇಳಿತು. ನೋಡುನೋಡುತ್ತಲೇ ಸುಮಾರು ಹತ್ತು ಪ್ರಯೋಗಗಳು ‘ನಮಗೂ ಕಾಣುತ್ತಿದೆ’ ಎಂದವು. ಅಮೆರಿಕದ ಜೆಫರ್ಸನ್ ಲ್ಯಾಬ್ ಕೂಡ ಅದರಲ್ಲಿ ಒಂದು, ಅವರದು 5 ಸಿಗ್ಮಾಗೂ ಹೆಚ್ಚು. ಅದೇ ಜೆಫರ್ಸನ್ ಲ್ಯಾಬ್ 2005ರಲ್ಲಿ ಬಹಳ ಹೆಚ್ಚು ಡೇಟಾ ಸೇರಿಸಿ ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ಇವರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಡೇಟಾದಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಹತ್ತಾರು ಸಣ್ಣ ತೀರ್ಮಾನಗಳಿರುತ್ತವೆ. ಉತ್ತರ ಮೊದಲೇ ಕಿವಿಗೆ ಬಿದ್ದಿದ್ದರೆ ಆ ತೀರ್ಮಾನಗಳು ನಮಗೆ ಅರಿವಿಲ್ಲದೇ ಆ ಕಡೆ ವಾಲುತ್ತವೆ. (ನಿಜವಾದ ಪೆಂಟಾಕ್ವಾರ್ಕ್ ಆಮೇಲೆ ಸಿಕ್ಕಿತು, 2015ರಲ್ಲಿ, ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದಲ್ಲಿ. ಅದು ಬೇರೆಯೇ ಕಣ.)

ಈ ಪಾಠ ಕಲಿತಿದ್ದರಿಂದಲೇ 2012ರಲ್ಲಿ ಸಿಎಂಎಸ್ ತಂಡ ಕಣ್ಣು ಕಟ್ಟಿಕೊಂಡು ಕೆಲಸ ಮಾಡಿತು. 125ರ ಸುತ್ತಲಿನ ಹೊಸ ಡೇಟಾವನ್ನು ಮರೆಮಾಡಿ, ವಿಶ್ಲೇಷಣೆಯ ಎಲ್ಲ ನಿಯಮಗಳನ್ನೂ ಮೊದಲು ನಿಗದಿ ಮಾಡಿ, ಜೂನ್ ಮಧ್ಯದಲ್ಲಿ ಆ ಭಾಗವನ್ನು ತೆರೆದರು. ಅಟ್ಲಾಸ್, ಸಿಎಂಎಸ್ ಪರಸ್ಪರ ಫಲಿತಾಂಶ ಹಂಚಿಕೊಳ್ಳುವುದಿಲ್ಲ ಎಂಬ ಶಿಸ್ತು ಬೇರೆ. ಜುಲೈ 4ರಂದು ಇಬ್ಬರೂ ಒಂದೇ ವೇದಿಕೆಯಲ್ಲಿ ಸುಮಾರು 5 ಸಿಗ್ಮಾ ತೋರಿಸಿದಾಗ ಅದಕ್ಕೆ ಅಷ್ಟು ತೂಕ ಬಂದದ್ದು ಈ ಶಿಸ್ತಿನಿಂದ. ಗಾಳಿಸುದ್ದಿ ಮಾಡುವ ನಿಜವಾದ ಹಾನಿ ಇಲ್ಲಿದೆ. ನಿಮಗೋ ನನಗೋ ನಾಲ್ಕು ದಿನ ನಿರಾಸೆಯಾಗಬಹುದು, ಅದು ದೊಡ್ಡದಲ್ಲ. ಪಕ್ಕದ ತಂಡದ ಕಿವಿಗೆ ಸಂಖ್ಯೆ ಬಿದ್ದರೆ ಎರಡನೇ ಸಾಕ್ಷಿ ಸ್ವತಂತ್ರವಾಗಿ ಉಳಿಯುವುದಿಲ್ಲ.

ಇದಕ್ಕೆ ವಿರುದ್ಧವಾದ ಘಟನೆಯೂ ನೆನಪಾಗುತ್ತದೆ. 2011ರ ಏಪ್ರಿಲ್‌ನಲ್ಲಿ ಅಟ್ಲಾಸ್‌ನ ಒಳಗಿನ ಟಿಪ್ಪಣಿಯೊಂದು ಸೋರಿತು. ನಾಲ್ಕು ಜನ ಬರೆದದ್ದು, ತಂಡ ಇನ್ನೂ ಪರಿಶೀಲಿಸಿರಲಿಲ್ಲ. 115 ಜಿಇವಿ ಹತ್ತಿರ ಹಿಗ್ಸ್‌ನಂಥದ್ದೇನೋ ಕಂಡಿದೆ ಎಂಬುದು ಅದರ ಸಾರ. ಲೋಕವೆಲ್ಲ ಸದ್ದಾಯಿತು. ಕೆಲವೇ ವಾರದಲ್ಲಿ ತಂಡ ಸರಿಯಾಗಿ ವಿಶ್ಲೇಷಿಸಿದಾಗ ಅಲ್ಲಿ ಏನೂ ಇರಲಿಲ್ಲ. ಇಂಥ ಟಿಪ್ಪಣಿಗಳು ಒಳಗೆ ಎಷ್ಟೋ ಬರುತ್ತವೆ, ಒಳಗೇ ಸಾಯುತ್ತವೆ. ಬರೆದವರು ತಮ್ಮವರಿಗೆ ‘ಇದನ್ನು ನೋಡಿ, ತಪ್ಪು ಹುಡುಕಿ’ ಎಂದು ಕೊಟ್ಟ ಹಾಳೆ ಅದು. ಅದನ್ನು ಲೋಕಕ್ಕೆ ಮಾಡಿದ ಘೋಷಣೆ ಎಂದು ಓದಿದರೆ ಬರೆದವರಿಗೂ ಅನ್ಯಾಯ.

115ರ ಸುತ್ತ ಅಷ್ಟು ಆಸೆ ಇರಲು ಕಾರಣವೂ ಇತ್ತು. 2000ನೇ ಇಸವಿಯಲ್ಲಿ ಸರ್ನ್‌ನ ಹಳೆಯ ಯಂತ್ರ ಎಲ್‌ಇಪಿ ಮುಚ್ಚುವ ಹೊತ್ತಿಗೆ ಅಲ್ಲೇ ಒಂದಷ್ಟು ಸುಳಿವು ಕಂಡಿತ್ತು. ಯಂತ್ರವನ್ನು ಇನ್ನೂ ಒಂದು ವರ್ಷ ಓಡಿಸಿ ಎಂದು ಎಷ್ಟೋ ಭೌತವಿಜ್ಞಾನಿಗಳು ಪಟ್ಟು ಹಿಡಿದರು. ಓಡಿಸಿದರೆ ಅದೇ ಸುರಂಗದಲ್ಲಿ ಕಟ್ಟಬೇಕಿದ್ದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ತಡವಾಗುತ್ತಿತ್ತು. ಆಗ ಸರ್ನ್‌ನ ಮುಖ್ಯಸ್ಥರಾಗಿದ್ದ ಲುಚಿಯಾನೊ ಮಯಾನಿ ಸ್ವಲ್ಪ ದಿನ ಮಾತ್ರ ಮುಂದುವರಿಸಿ ನವೆಂಬರ್ 2ರಂದು ಎಲ್‌ಇಪಿ ನಿಲ್ಲಿಸಿದರು. ತುಂಬಾ ಟೀಕೆ ಬಂತು. ಈಗ ಲೆಕ್ಕ ನೋಡಿ. ಎಲ್‌ಇಪಿಯ ಗರಿಷ್ಠ ಶಕ್ತಿ ಸುಮಾರು 209 ಜಿಇವಿ. ಅಲ್ಲಿ ಹಿಗ್ಸ್ ಹುಟ್ಟುವುದು ಹೆಚ್ಚಾಗಿ ಝಡ್ ಕಣದ ಜೊತೆಗೆ, ಝಡ್‌ನ ಪಾಲು 91. ಹಿಗ್ಸ್‌ಗೆ ಉಳಿಯುವುದು 118. ನಿಜವಾದ ಹಿಗ್ಸ್ ಸಿಕ್ಕಿದ್ದು 125ರಲ್ಲಿ. ಇನ್ನೊಂದು ವರ್ಷ ಓಡಿಸಿದ್ದರೂ ಅದು ಸಿಗುತ್ತಿರಲಿಲ್ಲ. ಆ ಸುಳಿವೂ ಕೊನೆಯ ವಿಶ್ಲೇಷಣೆಯಲ್ಲಿ 2 ಸಿಗ್ಮಾಗಿಂತ ಕೆಳಗಿಳಿಯಿತು. ಮಯಾನಿಯವರ ತೀರ್ಮಾನ ನನ್ನ ಪ್ರಕಾರ ನಮ್ಮ ಕ್ಷೇತ್ರದ ತುಂಬಾ ಗಟ್ಟಿ ತೀರ್ಮಾನಗಳಲ್ಲಿ ಒಂದು, ಏಕೆಂದರೆ ಆ ದಿನ ಅವರಿಗೆ ಈ 125 ಗೊತ್ತಿರಲಿಲ್ಲ.

ಎಲ್ಲ ಸುಳಿವುಗಳೂ ಒಂದೇ ರೀತಿ ಮುಗಿಯುವುದಿಲ್ಲ ಎಂಬುದನ್ನೂ ಗಮನಿಸಿ. ಎಲ್‌ಎಚ್‌ಸಿಬಿ 2021ರಲ್ಲಿ ಎಲೆಕ್ಟ್ರಾನ್ ಮತ್ತು ಅದರಂಥದ್ದೇ ಆದರೆ ಹೆಚ್ಚು ಭಾರದ ಮ್ಯೂವಾನ್‌ಗಳ ನಡುವೆ ಪ್ರಕೃತಿ ಭೇದ ಮಾಡುತ್ತಿರಬಹುದು ಎಂದು 3.1 ಸಿಗ್ಮಾ ತೋರಿಸಿತ್ತು. ಬೇರೆ ಕಣಗಳು ಎಲೆಕ್ಟ್ರಾನ್ ಎಂದು ತಪ್ಪಾಗಿ ಎಣಿಕೆಯಾಗಿದ್ದನ್ನು ಸರಿಪಡಿಸಿದಾಗ 2022ರ ಡಿಸೆಂಬರ್‌ನಲ್ಲಿ ಅದು ಹೋಯಿತು. ಅಮೆರಿಕದ ಫರ್ಮಿಲ್ಯಾಬ್‌ನ ಪ್ರಯೋಗದಲ್ಲಿ ಮ್ಯೂವಾನಿನ ಕಾಂತೀಯ ಗುಣ ಸಿದ್ಧಾಂತಕ್ಕೆ ಹೊಂದುತ್ತಿಲ್ಲ ಎಂದು ಕಂಡಿತ್ತು; ಆ ಅಳತೆ ಗಟ್ಟಿಯಾಗಿ ನಿಂತಿದೆ, ಆದರೆ ಸಿದ್ಧಾಂತದ ಲೆಕ್ಕವೇ ಪರಿಷ್ಕಾರವಾಗಿ ಅಳತೆಯ ಹತ್ತಿರ ಬಂತು. ಡಬ್ಲ್ಯು ಬೋಸಾನ್ ಎಂಬ ಕಣದ ತೂಕ ನಿರೀಕ್ಷೆಗಿಂತ ಜಾಸ್ತಿ ಎಂದು 2022ರಲ್ಲಿ ಫರ್ಮಿಲ್ಯಾಬ್‌ನ ಸಿಡಿಎಫ್ ತಂಡ 7 ಸಿಗ್ಮಾದಲ್ಲಿ ಹೇಳಿತು. 2024ರಲ್ಲಿ ಸಿಎಂಎಸ್ ಅಳೆದಾಗ ಹಳೆಯ ಸಿದ್ಧಾಂತಕ್ಕೇ ಹೊಂದಿತು. ಇವೆರಡರ ಜಗಳ ಬಗೆಹರಿದಿಲ್ಲ.

‘ಮುಚ್ಚಿಡುತ್ತಿದ್ದಾರೆ’ ಎನ್ನುವವರಿಗೆ ಇಷ್ಟು ಹೇಳಿ. ಹೊಸ ಕಣ ಕಂಡರೆ ಅದನ್ನು ಹೇಳಲು ನಮ್ಮಷ್ಟು ಆತುರ ಯಾರಿಗೂ ಇರುವುದಿಲ್ಲ. ಪಕ್ಕದ ತಂಡ ಮೊದಲು ಹೇಳಿಬಿಟ್ಟರೆ ಎಂಬ ಚಿಂತೆಯಲ್ಲೇ ಇರುತ್ತಾರೆ. ಇಷ್ಟು ಪೈಪೋಟಿ ಇರುವ ಕಡೆ ಮೂರು ಸಾವಿರ ಜನ ಸೇರಿ ಗುಟ್ಟು ಕಾಯುವುದು ಆಗದ ಕೆಲಸ.

ಇನ್ನು ಮಕ್ಕಳಿಗೆ ಏನು ಹೇಳುವುದು? ಸುದ್ದಿ ಬಂದ ದಿನವೇ ಹೇಳಿ, ಕಾಯಬೇಡಿ. ಆದರೆ ಜೊತೆಗೆ ಮೂರು ಪ್ರಶ್ನೆ ಬೋರ್ಡಿನ ಮೇಲೆ ಬರೆದಿಡಿ: ಎಷ್ಟು ಸಿಗ್ಮಾ, ಎಲ್ಲೆಲ್ಲಿ ಹುಡುಕಿದ ಮೇಲೆ ಸಿಕ್ಕಿತು, ಬೇರೆ ಯಾರಿಗಾದರೂ ಕಂಡಿದೆಯಾ. ಆರು ತಿಂಗಳ ಬಳಿಕ ಮತ್ತೆ ಅದೇ ಪ್ರಶ್ನೆ ಕೇಳಿ. 750ರ ಎರಡು ಗ್ರಾಫ್‌ಗಳು, 2015ರದು ಮತ್ತು 2016ರದು, ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಅಕ್ಕಪಕ್ಕ ಇಟ್ಟು ತೋರಿಸಿ.

ಇನ್ನೊಂದು ಕೆಲಸ ಅರ್ಧ ಗಂಟೆಯಲ್ಲಿ ಆಗುತ್ತದೆ. ತರಗತಿಯಲ್ಲಿ 40 ಮಕ್ಕಳಿದ್ದರೆ ಪ್ರತಿಯೊಬ್ಬರೂ ಒಂದು ನಾಣ್ಯವನ್ನು ಐದು ಸಲ ಚಿಮ್ಮಲಿ. ಒಬ್ಬರಿಗೆ ಐದೂ ಸಲ ಹೆಡ್ಸ್ ಬೀಳುವ ಸಾಧ್ಯತೆ 32ರಲ್ಲಿ 1. ಆದರೆ ತರಗತಿಯಲ್ಲಿ ಯಾರಿಗಾದರೂ ಒಬ್ಬರಿಗೆ ಬೀಳುವ ಸಾಧ್ಯತೆ ನೂರಕ್ಕೆ 70ಕ್ಕಿಂತ ಹೆಚ್ಚು. ಆ ಮಗುವನ್ನು ಮುಂದೆ ಕರೆಯಿರಿ, ಎಲ್ಲರೂ ಚಪ್ಪಾಳೆ ತಟ್ಟಲಿ. ಆಮೇಲೆ ಅದೇ ನಾಣ್ಯವನ್ನು ಎಲ್ಲರ ಎದುರಿಗೇ ಇನ್ನೂ ಐದು ಸಲ ಚಿಮ್ಮಿಸಿ. ಹೆಚ್ಚಿನ ಸಲ ಮ್ಯಾಜಿಕ್ ಅಲ್ಲಿಗೇ ನಿಂತುಹೋಗುತ್ತದೆ, 750ರ ಉಬ್ಬಿಗೆ ಆಗಿದ್ದೂ ಇದೇ. ಮತ್ತೆ ಐದೂ ಹೆಡ್ಸ್ ಬಿದ್ದರೆ ಇನ್ನೊಂದು ಮಗುವಿನ ಕೈಗೆ ಆ ನಾಣ್ಯ ಕೊಟ್ಟು ಚಿಮ್ಮಿಸಿ. ಆಗಲೂ ಹೆಡ್ಸೇ ಬಿದ್ದರೆ, ನಾಣ್ಯವನ್ನು ಇಸ್ಕೊಂಡು ಎರಡೂ ಬದಿ ನೋಡಿ.